ಹೋಂಡಾ ಸಿಟಿಯ ಐದು ತಲೆಮಾರು: ಹಿಂದಿನ ಸೀಟಿನಲ್ಲಿ ಕುಳಿತವರ ಲೆಕ್ಕ

ಭಾರತದ ಲೆಕ್ಕದಲ್ಲಿ ಹೋಂಡಾ ಸಿಟಿಗೆ ಈಗ ಐದನೆಯ ತಲೆಮಾರು. 1998ರಲ್ಲಿ ಮೊದಲನೆಯದು, 2003ರಲ್ಲಿ ಎರಡನೆಯದು, 2008ರಲ್ಲಿ ಮೂರನೆಯದು, 2014ರ ಜನವರಿಯಲ್ಲಿ ನಾಲ್ಕನೆಯದು, 2020ರ ಜುಲೈನಲ್ಲಿ ಐದನೆಯದು ಮಾರುಕಟ್ಟೆಗೆ ಬಂದವು. ಇವುಗಳಲ್ಲಿ ಮೊದಲ ಎರಡು ತಲೆಮಾರಿನ ಕಾರುಗಳು ದಾವಣಗೆರೆಯ ನಮ್ಮ ಮನೆಯಲ್ಲಿದ್ದವು. ನಾಲ್ಕನೆಯದು ಈಗಲೂ ಇದೆ. ಮೂರನೆಯದನ್ನು ಚಿತ್ರದುರ್ಗದ ಭಾವನವರು ಬಹುಕಾಲ ಇಟ್ಟುಕೊಂಡಿದ್ದರು, ಐದನೆಯದು ತಮ್ಮನ ಮನೆಯಲ್ಲಿದೆ. ಕೀಲಿ ಕೈಬದಲಾಗುತ್ತಲೇ ಇದ್ದುದರಿಂದ ಐದನ್ನೂ ಓಡಿಸುವ, ಅದಕ್ಕಿಂತ ಮುಖ್ಯವಾಗಿ ಐದರಲ್ಲೂ ಹಿಂದೆ ಕುಳಿತು ಹೋಗುವ ಅವಕಾಶ ನನಗೆ ಸಿಕ್ಕಿದೆ. ಕಾರಿನ ವಿಮರ್ಶೆಗಳನ್ನು ಬಹುಮಟ್ಟಿಗೆ ಸ್ಟಿಯರಿಂಗ್ ಹಿಡಿದವರೇ ಬರೆಯುತ್ತಾರೆ. ಮನೆಮಂದಿಗೆಲ್ಲ ಎಂದು ಕೊಳ್ಳುವ ಸೆಡಾನ್ ಕಾರನ್ನು ಮಾತ್ರ ಹಿಂದಿನ ಸೀಟಿನಿಂದಲೇ ಅಳೆಯಬೇಕು ಎಂಬುದು ನನ್ನ ನಿಲುವು. ಹಾಗೆ ಅಳೆದಾಗ, ಬಂದ ಹೊಸದರಲ್ಲಿ ಎಲ್ಲರೂ ಮೂಗು ಮುರಿದ ಎರಡನೆಯ ತಲೆಮಾರೇ ನನ್ನ ಪಾಲಿಗೆ ಮೊದಲ ಸ್ಥಾನಕ್ಕೆ ಬರುತ್ತದೆ.

ಮೊದಲ ತಲೆಮಾರಿನ ಕಾರು ಬಂದಾಗ ದಾವಣಗೆರೆ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಚಿತ್ರದುರ್ಗದಿಂದ ಬೇರ್ಪಟ್ಟದ್ದು 1997ರ ಆಗಸ್ಟ್‌ನಲ್ಲಿ. ಊರಿನ ಶ್ರೀಮಂತರ ಮನೆಗಳ ಮುಂದೆ ಅಂದು ನಿಲ್ಲುತ್ತಿದ್ದುದು ಕಾಂಟೆಸ್ಸಾ, ಎಸ್ಟೀಮ್ ಮತ್ತು ಅಲ್ಲೊಂದು ಇಲ್ಲೊಂದು ಸಿಯೆಲೊ. ಅವುಗಳ ನಡುವೆ ಸಿಟಿ ಬೇರೆಯಾಗಿ ಕಾಣುತ್ತಿದ್ದುದು ನೇರವಾದ, ಅಚ್ಚುಕಟ್ಟಾದ ಗೆರೆಗಳಿಂದ ಮತ್ತು ನೆಲಕ್ಕೆ ಒತ್ತಿಕೊಂಡ ನಿಲುವಿನಿಂದ. 1.3 ಮತ್ತು 1.5 ಲೀಟರಿನ ಎಂಜಿನ್‌ಗಳೊಂದಿಗೆ ಬಂದು, ಮುಂದೆ 106 ಅಶ್ವಶಕ್ತಿಯ ವಿಟೆಕ್ (ವೇಗಕ್ಕೆ ತಕ್ಕಂತೆ ಕವಾಟಗಳ ಕೆಲಸ ಬದಲಿಸುವ) ಎಂಜಿನ್ನನ್ನೂ ಪಡೆದ ಆ ಕಾರನ್ನು ವೇಗದ ಹುಚ್ಚಿರುವವರು ಇಂದಿಗೂ ಹುಡುಕಿ ಕೊಳ್ಳುತ್ತಾರೆ. ತಂದೆಯವರು ತಂದದ್ದು 1.5 ಲೀಟರಿನ ಹಳೆಯ ಕಾರು. ಓಡಿಸುವವನಿಗೆ ಅದು ನಿಜಕ್ಕೂ ಸುಖ. ಆದರೆ ಕಾರು ತಗ್ಗು, ಸೀಟು ಅದಕ್ಕಿಂತ ತಗ್ಗು. ಹಿಂದೆ ಕುಳಿತವರ ಮೊಣಕಾಲು ಎದೆಯ ಹತ್ತಿರಕ್ಕೆ ಬರುತ್ತಿತ್ತು. ಸೀರೆಯ ನೆರಿಗೆ ಹಿಡಿದುಕೊಂಡು, ತಲೆ ಬಗ್ಗಿಸಿ, ಒಂದು ಕೈಯನ್ನು ಬಾಗಿಲಿನ ಮೇಲಿಟ್ಟು ಒಳಗೆ ಹೋಗುತ್ತಿದ್ದ ಅಮ್ಮ, "ಇದು ಹತ್ತೋ ಕಾರಲ್ಲಪ್ಪ, ಇಳಿಯೋ ಕಾರು" ಎನ್ನುತ್ತಿದ್ದರು. ಚನ್ನಗಿರಿ ಕಡೆಯ ಹಳ್ಳಿಗಳಲ್ಲಿ ಅಳತೆಯಿಲ್ಲದೆ ಹಾಕಿದ ಹಂಪ್‌ಗಳು ಎದುರಾದರೆ, ಹಿಂದೆ ಕುಳಿತ ಮೂವರಲ್ಲಿ ಇಬ್ಬರನ್ನು ಇಳಿಸಿ, ಕಾರು ದಾಟಿದ ಮೇಲೆ ಮತ್ತೆ ಹತ್ತಿಸಿಕೊಳ್ಳುವುದು ವಾಡಿಕೆಯಾಗಿತ್ತು.

2003ರಲ್ಲಿ ಬಂದ ಎರಡನೆಯ ತಲೆಮಾರನ್ನು ಕಂಡು ಹಳೆಯ ಅಭಿಮಾನಿಗಳು ನಿರಾಶರಾದದ್ದು ಸಹಜವೇ. ಬಾನೆಟ್ ಗಿಡ್ಡವಾಗಿ ಮುಂದಕ್ಕೆ ಇಳಿಜಾರಾಯಿತು, ಮಾಡು ಸುಮಾರು 10 ಸೆಂಟಿಮೀಟರ್ ಮೇಲೇರಿತು, ಇಡೀ ಕಾರು ಡಾಲ್ಫಿನ್ನಿನ ಹಾಗೆ ಕಾಣುತ್ತದೆಂದು ಜನ ಅದೇ ಹೆಸರಿಟ್ಟರು. ಅದರ ಮೇಲೆ, 100 ಅಶ್ವಶಕ್ತಿಯಿದ್ದ ಜಾಗದಲ್ಲಿ ಸುಮಾರು 77 ಅಶ್ವಶಕ್ತಿಯ ಐ-ಡಿಎಸ್‌ಐ ಎಂಜಿನ್ ಬಂದಿತ್ತು. ಕಾಗದದ ಮೇಲೆ ನೋಡಿದರೆ ಇದು ಹಿನ್ನಡೆಯೇ ಸರಿ. ಆದರೆ ಈ ಕಾರನ್ನು ಕಟ್ಟಿದ್ದು ಮೊದಲನೆಯದನ್ನು ತಿದ್ದಿ ಅಲ್ಲ. ಹೊರದೇಶಗಳಲ್ಲಿ ಫಿಟ್ ಎಂದೂ ನಮ್ಮಲ್ಲಿ ಮುಂದೆ ಜಾಝ್ ಎಂದೂ ಮಾರಾಟವಾದ ಸಣ್ಣ ಕಾರಿನ ತಳಹದಿಯ ಮೇಲೆ ಇದನ್ನು ಹೊಸದಾಗಿಯೇ ರೂಪಿಸಲಾಗಿತ್ತು. ಆ ತಳಹದಿಯ ಗುಟ್ಟು ಪೆಟ್ರೋಲ್ ಟ್ಯಾಂಕಿನ ಜಾಗದಲ್ಲಿದೆ. ಬಹುತೇಕ ಕಾರುಗಳಲ್ಲಿ ಟ್ಯಾಂಕು ಹಿಂದಿನ ಸೀಟಿನ ಕೆಳಗಿರುತ್ತದೆ, ಇದರಲ್ಲಿ ಮುಂದಿನ ಸೀಟುಗಳ ಕೆಳಗೆ ಇದೆ. ಟ್ಯಾಂಕು ಮುಂದಕ್ಕೆ ಸರಿದುದರಿಂದ ಹಿಂದೆ ಕುಳಿತವರ ಕಾಲಿಗೂ ಡಿಕ್ಕಿಗೂ ಜಾಗ ಬಿಡುವಾಯಿತು. ಸೀಟು ಕುರ್ಚಿಯ ಎತ್ತರಕ್ಕೆ ಬಂತು. ಬಾಗಿಲು ತೆರೆದರೆ ಸೀಟಿನ ಅಂಚು ಸರಿಯಾಗಿ ಸೊಂಟದ ಮಟ್ಟಕ್ಕೆ ಸಿಗುತ್ತಿತ್ತು. ಅಮ್ಮ ಮೊದಲು ಕುಳಿತು, ಆಮೇಲೆ ಎರಡೂ ಕಾಲನ್ನು ಒಳಗೆ ತಿರುಗಿಸಿಕೊಳ್ಳುತ್ತಿದ್ದರು. ಮಂಡಿನೋವಿರುವವರು ಮನೆಯಲ್ಲಿದ್ದರೆ ಈ ಒಂದು ಅನುಕೂಲಕ್ಕೆ ಬೆಲೆ ಕಟ್ಟುವುದು ಕಷ್ಟ.

ಆ ಐ-ಡಿಎಸ್‌ಐ ಎಂಜಿನ್ನಿನ ವಿಷಯದಲ್ಲಿಯೂ ಜನರ ತೀರ್ಪು ಅವಸರದ್ದಾಗಿತ್ತು. ಒಂದೊಂದು ಸಿಲಿಂಡರಿಗೆ ಎರಡೆರಡು ಸ್ಪಾರ್ಕ್ ಪ್ಲಗ್‌ಗಳಿದ್ದು, ಅವು ಎಂಜಿನ್ನಿನ ವೇಗಕ್ಕೂ ಹೊರೆಗೂ ತಕ್ಕಂತೆ ಒಟ್ಟಿಗೆ ಅಥವಾ ಒಂದರ ಹಿಂದೆ ಒಂದು ಕಿಡಿ ಹಚ್ಚುತ್ತವೆ. ಇಂಧನ ಪೂರ್ತಿಯಾಗಿ, ಬೇಗನೆ ಉರಿಯುವುದರಿಂದ ಕಡಿಮೆ ವೇಗದಲ್ಲಿಯೇ ಎಳೆತ ಸಿಗುತ್ತದೆ. ಮಂಡಿಪೇಟೆಯ ಸಂದಣಿಯಲ್ಲಿ ಗಾಡಿಗಳ ಹಿಂದೆ ಮೂರನೇ ಗೇರಿನಲ್ಲೇ ತೆವಳಿಕೊಂಡು ಹೋದರೂ ಅದು ಕೆಮ್ಮುತ್ತಿರಲಿಲ್ಲ. ಹೆದ್ದಾರಿಯಲ್ಲಿ ಲಾರಿ ದಾಟಬೇಕಾದಾಗ ಮಾತ್ರ 77 ಅಶ್ವಶಕ್ತಿ ಎಷ್ಟು ಕಡಿಮೆ ಎಂಬುದು ಅರಿವಾಗುತ್ತಿತ್ತು. ಹಳೆಯ ಐ-ಡಿಎಸ್‌ಐ ಕೊಳ್ಳುವವರಿಗೆ ಒಂದು ಮಾತು: ಪ್ಲಗ್‌ಗಳು ಒಟ್ಟು ಎಂಟು. ಮುಂದಿನ ನಾಲ್ಕು ಸುಲಭವಾಗಿ ಕೈಗೆ ಸಿಗುತ್ತವೆ. ಹಿಂದಿನ ನಾಲ್ಕು ಎಂಜಿನ್ನಿನ ಹಿಂಬದಿಯಲ್ಲಿ ಗಾಜಿನ ಬುಡಕ್ಕೆ ಅಡಗಿಕೊಂಡಿರುವುದರಿಂದ ಬಿಚ್ಚುವ ಕೆಲಸ ಹೆಚ್ಚು. ನಮ್ಮ ಊರಿನದೇ ಒಂದು ಗ್ಯಾರೇಜಿನಲ್ಲಿ ಎಂಟರ ಹಣ ಪಡೆದು ಮುಂದಿನ ನಾಲ್ಕನ್ನಷ್ಟೇ ಬದಲಿಸಿ ಕಳಿಸಿದ್ದರು. ಮೈಲೇಜ್ ಸುಧಾರಿಸದಿದ್ದಾಗ ಬೇರೊಬ್ಬ ಮೇಸ್ತ್ರಿ ಬಿಚ್ಚಿ ತೋರಿಸಿದ ಹಿಂದಿನ ಪ್ಲಗ್‌ಗಳ ತುದಿ ಸವೆದು ದುಂಡಗಾಗಿತ್ತು. ಹಳೆಯ ಪ್ಲಗ್‌ಗಳನ್ನು ಕೈಯಲ್ಲಿ ಎಣಿಸಿಕೊಂಡ ನಂತರವೇ ಹಣ ಕೊಡುವುದು ಒಳ್ಳೆಯದು.

2005ರಲ್ಲಿ ಮುಖ ತಿದ್ದಿಸಿಕೊಂಡು ಝಡ್‌ಎಕ್ಸ್ ಎಂಬ ಹೆಸರಿನಲ್ಲಿ ಬಂದಾಗ ನೋಟವೂ ಸುಧಾರಿಸಿತು, ವಿಟೆಕ್ ಎಂಜಿನ್ನೂ ಮರಳಿ ಬಂದಿತ್ತು. ಆದರೆ ಡಾಲ್ಫಿನ್ ಎಂಬ ಹೆಸರು ಹೋಗಲಿಲ್ಲ.

ಮೂರನೆಯದು ಅಂದಕ್ಕೆಂದೇ ಬಂದ ಕಾರು. ಬಾಣದಂತೆ ಚೂಪಾದ ಮೂತಿ, ಹಿಂದಕ್ಕೆ ಏರುವ ಸೊಂಟಗೆರೆ (ಕಿಟಕಿಗಳ ಕೆಳಗಿನ ಗೆರೆ), 118 ಅಶ್ವಶಕ್ತಿಯ ಐ-ವಿಟೆಕ್ ಎಂಜಿನ್. ಎರಡು ಏರ್‌ಬ್ಯಾಗ್‌ಗಳನ್ನೂ ಜೋರಾಗಿ ಒತ್ತಿದಾಗ ಚಕ್ರ ಕಚ್ಚಿ ಜಾರದಂತೆ ತಡೆಯುವ ಎಬಿಎಸ್ ಬ್ರೇಕನ್ನೂ ಎಲ್ಲ ಮಾದರಿಗಳಲ್ಲಿ ಕೊಟ್ಟದ್ದು 2008ರ ಮಟ್ಟಿಗೆ ದೊಡ್ಡ ಮಾತು. ಅದನ್ನು ಹೊಗಳಿದವರು ಕಡಿಮೆ. ಭಾವನವರ ಕಾರಿನಲ್ಲಿ ಚಿತ್ರದುರ್ಗದ ಗಾಳಿಯಂತ್ರಗಳ ಗುಡ್ಡಗಳನ್ನು ಬಿಟ್ಟು ಹಿರಿಯೂರು, ಶಿರಾ ಕಡೆಗೆ ಇಳಿಯುವ ಹೆದ್ದಾರಿಯಲ್ಲಿ ಹೋಗುವಾಗ ಮುಂದೆ ಕುಳಿತವರಿಗೆ ದೂರುವುದಕ್ಕೇ ಏನೂ ಇರುತ್ತಿರಲಿಲ್ಲ. ಹಿಂದೆ ಕುಳಿತವರಿಗೆ ಏರಿದ ಸೊಂಟಗೆರೆಯಿಂದಾಗಿ ಕಿಟಕಿ ಕಿರಿದಾಯಿತು, ಮಾಡು ಇಳಿದುದರಿಂದ ಎತ್ತರದವರ ತಲೆ ಮೇಲೆ ತಾಗುವಂತಾಯಿತು. ಕಿಟಕಿಯಾಚೆ ನೋಡಿಕೊಂಡು ಕೂರುವ ಮಕ್ಕಳಿಗೆ ಆಕಾಶವಷ್ಟೇ ಕಾಣುತ್ತಿತ್ತು. ವಿನ್ಯಾಸಕಾರರು ಕಾರನ್ನು ಹೊರಗೆ ನಿಂತು ನೋಡಿ ಬರೆದರೋ ಏನೋ ಎಂದು ನನಗೆ ಆಗಾಗ ಅನ್ನಿಸಿದೆ.

ಆ ತಲೆಮಾರಿಗೆ ಪೆಟ್ಟು ಬಿದ್ದದ್ದು ರೂಪದ ಕಾರಣಕ್ಕಲ್ಲ, ಬಂಕಿನ ದರದ ಕಾರಣಕ್ಕೆ. 2010ರ ಜೂನ್‌ನಲ್ಲಿ ಪೆಟ್ರೋಲ್ ದರದ ಮೇಲಿನ ಸರ್ಕಾರದ ನಿಯಂತ್ರಣ ಹೋಯಿತು, ಡೀಸೆಲ್ ದರದ ಮೇಲಿನದು ಉಳಿಯಿತು. 2012ರ ಹೊತ್ತಿಗೆ ಎರಡರ ನಡುವಿನ ಅಂತರ ಲೀಟರಿಗೆ 20 ರೂಪಾಯಿಯನ್ನೂ ಮೀರಿತ್ತು. ಹುಂಡೈ ವರ್ನಾ, ಫೋಕ್ಸ್‌ವ್ಯಾಗನ್ ವೆಂಟೊ ಡೀಸೆಲ್ಲಿನಲ್ಲಿ ಸಿಗುತ್ತಿದ್ದಾಗ ಸಿಟಿಗೆ ಡೀಸೆಲ್ ಎಂಜಿನ್ನೇ ಇರಲಿಲ್ಲ. ದಿನಾ ಹರಿಹರ, ಹೊನ್ನಾಳಿ, ಚನ್ನಗಿರಿ ಎಂದು ಸುತ್ತುವ ವ್ಯಾಪಾರಸ್ಥರು ನೋಡುವುದು ಕಿಲೋಮೀಟರಿಗೆ ಬೀಳುವ ಖರ್ಚನ್ನು. ಎಪಿಎಂಸಿ ಅಂಗಳದಲ್ಲಿ ಆ ವರ್ಷಗಳಲ್ಲಿ ವರ್ನಾಗಳೇ ಸಾಲುಗಟ್ಟಿದ್ದವು.

ಈ ಕೊರತೆಗೆ ಉತ್ತರವಾಗಿ ಬಂದದ್ದು ನಾವು ಇಂದಿಗೂ ಬಳಸುತ್ತಿರುವ ನಾಲ್ಕನೆಯ ತಲೆಮಾರು. 1.5 ಲೀಟರಿನ, 100 ಅಶ್ವಶಕ್ತಿಯ ಐ-ಡಿಟೆಕ್ ಡೀಸೆಲ್ ಎಂಜಿನ್, ಆರು ಗೇರು, 2,600 ಮಿಲಿಮೀಟರಿನ ವೀಲ್‌ಬೇಸ್. ಚಕ್ರಗಳ ನಡುವಿನ ಅಂತರ ಹಿಂದಿನದಕ್ಕಿಂತ 50 ಮಿ.ಮೀ. ಹೆಚ್ಚಾದದ್ದು ಹೆಚ್ಚುಕಡಿಮೆ ಪೂರ್ತಿಯಾಗಿ ಹಿಂದೆ ಕುಳಿತವರ ಕಾಲಿಗೇ ಸಂದಿದೆ, ಮಾಡೂ ಮತ್ತೆ ಮೇಲೇರಿದೆ, ಹಿಂದೆ ಕುಳಿತವರಿಗೆಂದೇ ಎಸಿ ಗಾಳಿಯ ಕಿಂಡಿಗಳಿವೆ. ಏಪ್ರಿಲ್‌ನ ದಾವಣಗೆರೆಯಲ್ಲಿ ಮಧ್ಯಾಹ್ನದ ಹೊತ್ತು ಕಾರು ಹತ್ತಿದವರಿಗೆ ಆ ಕಿಂಡಿಗಳ ಅಗತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಡೀಸೆಲ್ಲಿನ ಸದ್ದು ಒಳಗೆ ಕೇಳಿಸುತ್ತದೆ, ಅದರಲ್ಲೂ ಬೆಳಗಿನ ತಣ್ಣನೆಯ ಎಂಜಿನ್ ಹಚ್ಚಿದಾಗ ಚೆನ್ನಾಗಿಯೇ ಕೇಳಿಸುತ್ತದೆ; ಆರನೇ ಗೇರಿಗೆ ಬಂದ ಮೇಲೆ ಮಾತಿಗೆ ಅಡ್ಡಿಯಾಗದು. ಡಿಕ್ಕಿಯ ಅಳತೆ 510 ಲೀಟರ್ ಎಂದು ಪುಸ್ತಕದಲ್ಲಿದೆ. ನಮ್ಮ ಊರಿನ ಅಳತೆ ಬೇರೆ: ಬೆಂಗಳೂರಿನ ನೆಂಟರಿಗೆಂದು ಭಟ್ಟಿಯಿಂದ ತಂದ ಮಂಡಕ್ಕಿಯ ಚೀಲ ಒತ್ತದೆ, ಪುಡಿಯಾಗದೆ ಒಳಗೆ ಹೋಗಬೇಕು. ಇದರಲ್ಲಿ ಹೋಗುತ್ತದೆ, ಪಕ್ಕದಲ್ಲಿ ಎರಡು ಸೂಟ್‌ಕೇಸುಗಳಿಗೂ ಎಡೆಯಿರುತ್ತದೆ.

ನನಗೆ ಒಪ್ಪಿಗೆಯಾಗದ ಸಂಗತಿಯೆಂದರೆ ಎಸಿಯ ಹಲಗೆ. ತಿರುಗಿಸುವ ಗುಂಡಿಗಳನ್ನೆಲ್ಲ ತೆಗೆದು, ಬೆರಳಿನಿಂದ ಮುಟ್ಟಿದರೆ ಕೆಲಸ ಮಾಡುವ ನುಣುಪಾದ ಕಪ್ಪು ಫಲಕವನ್ನು ಮೇಲಿನ ಮಾದರಿಗಳಲ್ಲಿ ಕೊಟ್ಟರು. ಶೋರೂಮಿನಲ್ಲಿ ಅದು ಬಹಳ ಚೆಂದ. ಓಡಿಸುವಾಗ ತಂಪು ಹೆಚ್ಚು ಮಾಡಬೇಕಾದರೆ ರಸ್ತೆಯಿಂದ ಕಣ್ಣು ತೆಗೆದು ಫಲಕವನ್ನು ನೋಡಲೇಬೇಕು. ಕೈಗೆ ಗುರುತು ಸಿಗುವಂಥದ್ದು ಅದರಲ್ಲಿ ಏನೂ ಇಲ್ಲ. ಐದನೆಯ ತಲೆಮಾರಿನಲ್ಲಿ ಕಂಪನಿಯವರೇ ಅದನ್ನು ಕೈಬಿಟ್ಟು ತಿರುಗಿಸುವ ಗುಂಡಿಗಳನ್ನು ವಾಪಸು ತಂದಿದ್ದಾರೆ. ಎಲ್ಲ ಕಂಪನಿಗಳೂ ಇದ್ದಬದ್ದದ್ದನ್ನೆಲ್ಲ ಪರದೆಯೊಳಗೆ ತುರುಕುತ್ತಿರುವ ಕಾಲದಲ್ಲಿ ಈ ಹಿಂದಿರುಗುವಿಕೆ ಮೆಚ್ಚತಕ್ಕದ್ದು. ಸುರಕ್ಷತೆಯ ವಿಚಾರದಲ್ಲಿ, 2022ರಲ್ಲಿ ಕಾರುಗಳ ಸುರಕ್ಷತೆಯನ್ನು ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಡೆಸಿದ ಅಪಘಾತ ಪರೀಕ್ಷೆಯಲ್ಲಿ ಈ ನಾಲ್ಕನೆಯ ತಲೆಮಾರಿಗೆ ಐದರಲ್ಲಿ ನಾಲ್ಕು ನಕ್ಷತ್ರಗಳು ಸಿಕ್ಕವು. ಐದನೆಯದು ಬಂದ ಮೇಲೂ ಅದನ್ನು ಕಡಿಮೆ ಬೆಲೆಗೆ ಜೊತೆಯಲ್ಲೇ ಮಾರುತ್ತಿದ್ದುದರಿಂದ ಆ ಫಲಿತಾಂಶಕ್ಕೆ ಮಹತ್ವವಿತ್ತು.

ಡೀಸೆಲ್ಲಿನ ಕಥೆ ಮಾತ್ರ ವಿಚಿತ್ರ. 2014ರ ಜನವರಿಯಲ್ಲಿ ಸಿಟಿಗೆ ಡೀಸೆಲ್ ಬಂತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಡೀಸೆಲ್ ದರವೂ ಮುಕ್ತವಾಗಿ, ಯಾವ ಅಂತರಕ್ಕಾಗಿ ಆ ಎಂಜಿನ್ ಹುಟ್ಟಿತೋ ಆ ಅಂತರವೇ ಸಣ್ಣದಾಗುತ್ತ ಹೋಯಿತು. 2023ರಲ್ಲಿ ಹೊಗೆಯ ನಿಯಮಗಳು ಮತ್ತಷ್ಟು ಬಿಗಿಯಾಗುವ ಹೊತ್ತಿಗೆ ಸಿಟಿಯಲ್ಲಿ ಡೀಸೆಲ್ ನಿಂತೇ ಹೋಯಿತು. ಆದರೂ ತಿಂಗಳಿಗೆ ಹಲವು ಸಲ ಬೆಂಗಳೂರಿನ ದಾರಿ ಹಿಡಿಯುವ ನಮ್ಮಂಥವರಿಗೆ, 40 ಲೀಟರಿನ ಟ್ಯಾಂಕಿನಲ್ಲಿ ಹೋಗಿ ಬಂದು ಇನ್ನೂ ಉಳಿಯುವ ಕಾರು ಮತ್ತೆ ಸಿಗಲಾರದು.

ಐದನೆಯ ತಲೆಮಾರು ಬಂದಾಗ 4,549 ಮಿ.ಮೀ. ಉದ್ದವಿತ್ತು, ಹಿಂದಿನದಕ್ಕಿಂತ 109 ಮಿ.ಮೀ. ಹೆಚ್ಚು; ವೀಲ್‌ಬೇಸ್ ಮಾತ್ರ ಅದೇ 2,600. ಅಂದರೆ ಬೆಳೆದದ್ದು ಮೂತಿ ಮತ್ತು ಬಾಲ. ಚೌಕಿಪೇಟೆಯಲ್ಲಿ ನಿಲ್ಲಿಸಲು ಜಾಗ ಹುಡುಕುವಾಗ ತಮ್ಮನಿಗೆ ಇದು ಪ್ರತಿಸಲವೂ ನೆನಪಾಗುತ್ತದೆ. ಅಗಲ 1,695ರಿಂದ 1,748ಕ್ಕೆ ಏರಿರುವುದು ಮಾತ್ರ ನಿಜವಾದ ಲಾಭ, ಏಕೆಂದರೆ ಹಿಂದೆ ಮೂವರು ದೊಡ್ಡವರು ಭುಜ ಓರೆ ಮಾಡದೆ ಕೂರಬಹುದು. 121 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್ ನಯವಾಗಿದೆ, ಒಳಗಿನ ನಿಶ್ಶಬ್ದ ನಮ್ಮ ಡೀಸೆಲ್ಲಿಗೆ ಹೋಲಿಸಿದರೆ ಬೇರೆಯೇ ಲೋಕ. 2022ರಲ್ಲಿ ಬಂದ, ಪೆಟ್ರೋಲ್ ಎಂಜಿನ್ನಿನ ಜೊತೆ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್ ಮಾದರಿಗೆ ಲೀಟರಿಗೆ 26.5 ಕಿಲೋಮೀಟರ್ ಎಂಬ ಪ್ರಮಾಣಿತ ಅಂಕಿಯಿದ್ದು, ಊರೊಳಗೆ ಬಹುಪಾಲು ಮೋಟಾರಿನಲ್ಲೇ ಓಡುತ್ತದೆ. ಆದರೆ ಬ್ಯಾಟರಿಗಾಗಿ ಡಿಕ್ಕಿಯನ್ನು 306 ಲೀಟರಿಗೆ ಇಳಿಸಿದ್ದಾರೆ. ಮಂಡಕ್ಕಿಯ ಚೀಲ ಹಿಂದಿನ ಸೀಟಿಗೇ ಬರಬೇಕು. ಅದಕ್ಕೇ ತಮ್ಮ ಹೈಬ್ರಿಡ್ ಬಿಟ್ಟು ಸಾದಾ ಪೆಟ್ರೋಲ್ ತೆಗೆದುಕೊಂಡ.

ಎಪ್ಪತ್ತು ದಾಟಿದ ಅಮ್ಮನಿಗೆ ಈ ಐದರಲ್ಲಿ ಯಾವುದು ಹಿತವೆಂದು ಕೇಳಿದರೆ ಡಾಲ್ಫಿನ್ ಎಂಬ ಉತ್ತರವೇ ಬರುತ್ತದೆ, ನಾಲ್ಕನೆಯದಕ್ಕೆ ಎರಡನೆಯ ಸ್ಥಾನ. ಇಂದು ಹಳೆಯ ಸಿಟಿ ಕೊಳ್ಳಬೇಕೆಂದಿರುವವರಿಗೆ ನಾನು ಎರಡನೆಯದನ್ನು ಹೇಳಲಾರೆ. ವಯಸ್ಸು ಮೀರಿದೆ, ಏರ್‌ಬ್ಯಾಗ್ ಇಲ್ಲದವೂ ಅವುಗಳಲ್ಲಿವೆ. ನಾಲ್ಕನೆಯದನ್ನು, 2017ರಲ್ಲಿ ತಿದ್ದಿ ತಂದ ನಂತರದ ವರ್ಷಗಳದ್ದನ್ನು ನೋಡಬಹುದು. ದಿನಕ್ಕೆ ಊರೊಳಗಿನ ನಾಲ್ಕಾರು ಕಿಲೋಮೀಟರಷ್ಟೇ ಓಡಿಸುವವರು ಪೆಟ್ರೋಲನ್ನೇ ಆರಿಸಿಕೊಳ್ಳಲಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುವುದರಿಂದ ಖರೀದಿಯ ವರ್ಷವನ್ನು ಆರ್‌ಸಿಯಲ್ಲಿ ನೋಡಿಯೇ ಬೆಲೆ ಮಾತನಾಡಬೇಕು. ನಮ್ಮ ಕಾರಿನದು 2029ರವರೆಗೆ ಇದೆ. ಆಮೇಲೆ ಆರ್‌ಟಿಒ ತಪಾಸಣೆ ಮಾಡಿಸಿ ಮುಂದುವರಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ.