ಛತ್ರ ತೋರಿಸೋಕೆ ವಿಆರ್: ಹೆಡ್‌ಸೆಟ್‌ಗಿಂತ ಬೆರಳೇ ವಾಸಿ

ಇಪ್ಪತ್ತೆರಡು ಸಾವಿರ ಕೊಟ್ಟು ತಂದ, ಕಣ್ಣಿಗೆ ಕಟ್ಟಿಕೊಂಡರೆ ವಿಡಿಯೋದೊಳಗೇ ನಿಂತ ಹಾಗೆ ತೋರಿಸುವ ವಿಆರ್ ಹೆಡ್‌ಸೆಟ್ ಈಗ ಆಫೀಸಿನ ಬೀರುವಿನಲ್ಲಿ ರಸೀದಿ ಪುಸ್ತಕಗಳ ಪಕ್ಕ ಕೂತಿದೆ. ಬುಕ್ಕಿಂಗ್ ತರುತ್ತಿರುವುದು ಅದರಲ್ಲಿ ತೋರಿಸೋಕೆ ತೆಗೆದ ನಮ್ಮ ಛತ್ರದ ವಿಡಿಯೋದ ಯೂಟ್ಯೂಬ್ ಲಿಂಕ್.

ನಮ್ಮದು ಕೋಲಾರದ ಹೊರಗೆ ಒಂದು ಮದುವೆ ಛತ್ರ. ಆಷಾಢದಲ್ಲಿ ಮದುವೆ ಇಲ್ಲ, ಆದರೆ ಛತ್ರ ನೋಡೋಕೆ ಜನ ಬರೋದು ಆಗಲೇ. ಬಂದವರಿಗೆ ಕಾಣುವುದು ಖಾಲಿ ಹಾಲ್, ಒಂದರ ಮೇಲೊಂದು ಪೇರಿಸಿದ ಕುರ್ಚಿ. ಹೂವು, ಲೈಟು, ಜನ ತುಂಬಿದಾಗ ಹೇಗಿರುತ್ತೆ ಅಂತ ಬಾಯಲ್ಲಿ ಎಷ್ಟು ಹೇಳೋದು? ಅದಕ್ಕೇ ಸುತ್ತ ಎಲ್ಲಾ ಕಡೆಯನ್ನೂ ಒಟ್ಟಿಗೇ ಹಿಡಿಯುವ 360 ಡಿಗ್ರಿ ಕ್ಯಾಮೆರಾ ಬಾಡಿಗೆಗೆ ತಂದು, ಹೆಣ್ಣಿನ ಕಡೆಯವರ ಒಪ್ಪಿಗೆ ಕೇಳಿ, ಒಂದು ಮುಹೂರ್ತ ಶೂಟ್ ಮಾಡಿದೆವು. ಅದನ್ನೇ ಹೆಡ್‌ಸೆಟ್‌ನಲ್ಲಿ, ಫೋನ್ ಇಟ್ಟು ಕಣ್ಣಿಗೆ ಹಿಡಿಯುವ ರಟ್ಟಿನ ಡಬ್ಬಿಯಲ್ಲಿ, ಬರೀ ಫೋನಿನಲ್ಲಿ ತೋರಿಸಿ ನೋಡಿದೆ.

ಹೆಡ್‌ಸೆಟ್ ಹಾಕಿಕೊಂಡರೆ ಮಂಟಪದ ಮುಂದೆಯೇ ನಿಂತ ಹಾಗಿರುತ್ತೆ, ಸುಳ್ಳಲ್ಲ. ಆದರೆ ಛತ್ರ ನೋಡೋಕೆ ಯಾರೂ ಒಬ್ಬರೇ ಬರಲ್ಲ. ಎಂಟು ಜನ ಬರ್ತಾರೆ. ಒಬ್ಬರು ಹಾಕಿಕೊಂಡು "ಅಬ್ಬಾ, ಅಲ್ನೋಡಿ" ಅಂತಾರೆ, ಉಳಿದ ಏಳು ಜನ ಗೋಡೆ ನೋಡ್ತಾರೆ. ಒಬ್ಬರಿಂದ ಒಬ್ಬರಿಗೆ ಹೋಗುವಾಗ ಅದು ನಿಲ್ಲುವ ಜಾಗದ ಗೆರೆ ಎಳೆಯಿರಿ ಅಂತ ಮತ್ತೆ ಕೇಳುತ್ತೆ. ನಾನು ಕಿತ್ತುಕೊಂಡು, ಸರಿಮಾಡಿ, ಮತ್ತೆ ತೊಡಿಸಬೇಕು.

ತೊಡಿಸೋದು ಇನ್ನೊಂದು ಕಥೆ. ಒಂದು ಮನೆಯವರ ಜೊತೆ ಬಂದ ಅಜ್ಜಿಗೆ ತುರುಬಿನ ಮೇಲೆ ದಪ್ಪಗೆ ಮಲ್ಲಿಗೆ, ಮೂಗಿನ ಮೇಲೆ ಕನ್ನಡಕ. ಪಟ್ಟಿ ಬಿಗಿಮಾಡಿದರೆ ಹೂವು ಜಜ್ಜುತ್ತೆ, ಸಡಿಲ ಬಿಟ್ಟರೆ ಹೆಡ್‌ಸೆಟ್ ಮೂಗಿಗೆ ಜಾರುತ್ತೆ. ಕನ್ನಡಕ ತೆಗೆದರೆ ಏನೂ ಕಾಣ್ತಿಲ್ಲ ಅಂತ ತೆಲುಗಿನಲ್ಲಿ ಗೊಣಗಿದರು. ತೆಗೆದಾಗ ಸ್ಪಂಜಿನ ಮೇಲೆ ಕುಂಕುಮದ ಅಚ್ಚು. ಒರೆಸಿದೆ, ಇನ್ನೂ ಹರಡಿತು. ಮುಂದಿನವರು, ಗಂಡಿನ ಚಿಕ್ಕಪ್ಪ, ಅದನ್ನು ನೋಡಿ "ಇರಲಿ ಬಿಡಿ ಸಾರ್" ಅಂದುಬಿಟ್ಟರು.

ಒಳಗೆ ಕಾಣೋದನ್ನು ಉಳಿದವರಿಗೂ ಟಿವಿಗೆ ಹಾಕಿ ತೋರಿಸಬಹುದು ಅಂತಾರೆ. ನಮ್ಮ ವೈಫೈನಲ್ಲಿ ಆಗಲಿಲ್ಲ.

ಸ್ಪಷ್ಟತೆಯದ್ದೂ ಒಂದು ಮಾತಿದೆ. ನಮ್ಮ ಕ್ಯಾಮೆರಾ 5.7ಕೆ, ಅಂದರೆ ಅಗಲಕ್ಕೆ 5,760 ಚುಕ್ಕೆ. ಆದರೆ ಅವು ಸುತ್ತ 360 ಡಿಗ್ರಿಗೂ ಹಂಚಿಹೋಗುತ್ತವೆ. 90 ಡಿಗ್ರಿಯಷ್ಟು ನೋಡಿದರೆ ಕಣ್ಣಿಗೆ ಸಿಗೋದು 1,440 ಮಾತ್ರ. ಹೆಡ್‌ಸೆಟ್‌ನಲ್ಲಿ ಅದೇ ಕಣ್ಣಿನ ತುಂಬ ಹಿಗ್ಗಿ, ಹೂವಿನಲ್ಲಿ ಬರೆಸಿದ ವಧೂವರರ ಹೆಸರು ಮಸುಕಾಯಿತು. ಫೋನಿನ ಪುಟ್ಟ ಪರದೆಯಲ್ಲಿ ಓದೋಕೆ ಬಂತು.

ರಟ್ಟಿನ ಡಬ್ಬಿ ಅಗ್ಗ. ಗೂಗಲ್ 2014ರಲ್ಲಿ ಶುರುಮಾಡಿ, 2021ರಲ್ಲಿ ತಾನು ಮಾರೋದು ನಿಲ್ಲಿಸಿತು. ಬೇರೆಯವರದ್ದು ಈಗಲೂ ಸಿಗುತ್ತೆ. ಫೋನಿನಲ್ಲಿ ಗೈರೋಸ್ಕೋಪ್, ಅಂದರೆ ಯಾವ ಕಡೆ ತಿರುಗಿತು ಅಂತ ಗುರುತಿಸುವ ಸೆನ್ಸರ್, ಇಲ್ಲದಿದ್ದರೆ ತಲೆ ತಿರುಗಿಸಿದರೂ ಚಿತ್ರ ತಿರುಗಲ್ಲ. ಅಷ್ಟೇ.

ಫೋನು, ನನ್ನ ಮೆಚ್ಚು. ಯೂಟ್ಯೂಬ್ 2015ರಿಂದಲೇ 360 ವಿಡಿಯೋ ತೋರಿಸ್ತಿದೆ. ಗೈರೋಸ್ಕೋಪ್ ಇಲ್ಲದಿದ್ದರೂ ಬೆರಳಲ್ಲಿ ಎಳೆದು ನೋಡಬಹುದು. ಬೆಂಗಳೂರಿನಲ್ಲಿರೋ ಮಾವನಿಗೆ ಲಿಂಕ್ ಕಳಿಸಿದರೆ ಸಾಕು, ಎಪ್ಪತ್ತು ಕಿಲೋಮೀಟರ್ ಬರೋದು ಬೇಡ. ಯೂಟ್ಯೂಬ್ ಆಪ್‌ನಲ್ಲೇ ತೆರೆಯಿರಿ ಅಂತ ಮಾತ್ರ ಹೇಳಿ. ಅಪ್ಲೋಡ್ ಆದ ತಕ್ಷಣ ವಿಡಿಯೋ ತಿರುಗಲ್ಲ, ಸ್ವಲ್ಪ ಹೊತ್ತು ಕಾಯಬೇಕು.

ಯಾವುದರಲ್ಲಿ ತೋರಿಸಿದರೂ ಕ್ಯಾಮೆರಾ ಹಿಡಿದು ನಡೆಯಬೇಡಿ. ಕಣ್ಣು ನಡೀತಿದೆ ಅನ್ನುತ್ತೆ, ಕಿವಿಯೊಳಗಿನ ಸಮತೋಲನ ನಿಂತಿದ್ದೀಯ ಅನ್ನುತ್ತೆ, ತಲೆ ಸುತ್ತುತ್ತೆ. ಸ್ಟ್ಯಾಂಡಿಗೆ ಹಾಕಿ ಕಣ್ಣಿನ ಎತ್ತರಕ್ಕೆ ನಿಲ್ಲಿಸಿ. ಎರಡು ಲೆನ್ಸಿನ ಚಿತ್ರ ಕೂಡುವ ಗೆರೆಯ ಹತ್ತಿರ ಯಾರನ್ನೂ ನಿಲ್ಲಿಸಬೇಡಿ. ನಮ್ಮ ವಿಡಿಯೋದಲ್ಲಿ ಪುರೋಹಿತರ ಕೈ ಮೊಣಕೈ ಹತ್ತಿರ ಕತ್ತರಿಸಿದ ಹಾಗಿದೆ.

ವಸ್ತುಪ್ರದರ್ಶನದಲ್ಲಿ ಸ್ಟಾಲ್ ಹಾಕುವವರಿಗೆ ಹೆಡ್‌ಸೆಟ್ ಸರಿ, ಅಲ್ಲಿ ಜನ ಒಬ್ಬೊಬ್ಬರಾಗಿ ಬರ್ತಾರೆ, ಕುತೂಹಲಕ್ಕೇ ನಿಲ್ತಾರೆ. ನನ್ನಂಥವರಿಗೆ ಕ್ಯಾಮೆರಾ ಬಾಡಿಗೆ, ಒಂದು ಲಿಂಕ್ ಸಾಕು.

ಮಲ್ಲಿಗೆ ಅಜ್ಜಿಗೆ ಕೊನೆಗೆ ಫೋನ್ ಕೊಟ್ಟೆ. ಮಂಟಪವನ್ನು ಸರ್ರನೆ ದಾಟಿಸಿ, ಹಿಂದಿನ ಬಾಗಿಲಿಗೆ ತಿರುಗಿಸಿ, "ಅಡುಗೆ ಮನೆ ಎಲ್ಲಪ್ಪ?" ಅಂದರು. ಅದನ್ನು ನಾವು ತೆಗೆದೇ ಇರಲಿಲ್ಲ. ಮುಂದಿನ ಶೂಟ್ ಅಲ್ಲೇ. ಒಲೆ ಹೊತ್ತಿದ ಮೇಲೆ ಲೆನ್ಸಿಗೆ ಹಬೆ ಹಿಡಿಯದ ಮೂಲೆ ಹುಡುಕ್ತಿದ್ದೇನೆ.