‘ಪ್ಲಾಸ್ಟಿಕ್ಕಿಗೂ ಸೂಕ್ತ’ ಎಂದು ಬರೆದಿರುವ ಕ್ರೋಮ್ ಸ್ಪ್ರೇಯನ್ನು ಮಾಡೆಲ್ ಕಿಟ್ಟಿಗೆ ಹೊಡೆಯಬೇಡಿ

ಹಾಸನದಲ್ಲಿ ಸ್ಕೇಲ್ ಮಾಡೆಲ್ (ವಿಮಾನ, ವಾಹನಗಳ ಪುಟ್ಟ ಪ್ಲಾಸ್ಟಿಕ್ ಪ್ರತಿರೂಪ) ಜೋಡಿಸುವವರಿಗೆ ಬೇಕಾದ ಬಣ್ಣಗಳು ಊರಿನಲ್ಲಿ ಸುಲಭವಾಗಿ ಸಿಗುವುದಿಲ್ಲ. ಬೆಂಗಳೂರಿನಿಂದ ತರಿಸಿಕೊಳ್ಳಬೇಕು, ಇಲ್ಲವೇ ವಾಹನಗಳ ಬಣ್ಣ ಮಾರುವ ಅಂಗಡಿಗೆ ಹೋಗಬೇಕು. ಎರಡನೆಯ ದಾರಿ ಹಿಡಿದದ್ದರಿಂದ ನನ್ನದೊಂದು ಮಿಗ್-21 ಯುದ್ಧವಿಮಾನದ ಕಿಟ್ಟು ಸರಿಪಡಿಸಲಾಗದಂತೆ ಹಾಳಾಯಿತು. ಹವ್ಯಾಸವನ್ನು ಈಗಷ್ಟೇ ಆರಂಭಿಸಿರುವ ಹುಡುಗರಿಗೆ ಅದೇ ಗತಿ ಬರಬಾರದೆಂದು ಇದನ್ನು ಬರೆಯುತ್ತಿದ್ದೇನೆ.

1963ರಲ್ಲಿ ನಮ್ಮ ವಾಯುಪಡೆಗೆ ಸೇರಿ 2025ರ ಸೆಪ್ಟೆಂಬರಿನಲ್ಲಿ ನಿವೃತ್ತಿಯಾದ ಮಿಗ್-21 ವಿಮಾನಗಳು ಮೊದಮೊದಲು ಬಣ್ಣವಿಲ್ಲದ, ಬರಿಯ ಲೋಹದ ಮೈಯಲ್ಲೇ ಹಾರುತ್ತಿದ್ದವು. 1/72 ಪ್ರಮಾಣದ ಗೇಣುದ್ದದ ಕಿಟ್ಟಿನ ಮೇಲೆ ಆ ಮೈಯನ್ನು ತರಬೇಕೆಂಬುದು ನನ್ನ ಆಸೆಯಾಗಿತ್ತು. ಬಿ.ಎಂ. ರಸ್ತೆಯ ಕಡೆಯ ಅಂಗಡಿಯೊಂದರಲ್ಲಿ ವಿಚಾರಿಸಿದಾಗ, ಅಲ್ಲಿದ್ದವರು ಕ್ರೋಮ್ ಸ್ಪ್ರೇಯ ಡಬ್ಬಿಯೊಂದನ್ನು ತೆಗೆದು, “ಬಂಪರಿಗೇ ಹೊಡೀತಾರೆ ಸಾರ್, ಇದೇನು ಮಹಾ” ಎಂದು ಹೇಳಿ, ನೀರಿನ ಬಾಟಲಿಯ ಮುಚ್ಚಳವೊಂದಕ್ಕೆ ನನ್ನೆದುರೇ ಹೊಡೆದು ತೋರಿಸಿದರು. ಮುಚ್ಚಳ ನೋಡನೋಡುತ್ತಿದ್ದಂತೆ ಕನ್ನಡಿಯಾಯಿತು. ಡಬ್ಬಿಯ ಮೇಲೂ ಪ್ಲಾಸ್ಟಿಕ್ಕಿಗೆ ಸೂಕ್ತವೆಂದೇ ಅಚ್ಚಾಗಿತ್ತು.

ಅದೇ ಬಣ್ಣ ರೆಕ್ಕೆಯ ಮೇಲೆ ಬಿದ್ದ ಕೆಲವೇ ನಿಮಿಷಗಳಲ್ಲಿ ಹೊಳಪು ಇಳಿದು ಬೂದಿಯ ಬಣ್ಣಕ್ಕೆ ತಿರುಗಿತು. ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿದರೆ ಮೇಲ್ಮೈ ತುಂಬ ಕೂದಲೆಳೆಯಂಥ ಬಿರುಕುಗಳು. ಫಲಕಗಳ ನಡುವಿನ ಸಣ್ಣ ಗೆರೆಗಳ ಅಂಚು ಕರಗಿ ಮೊಂಡಾಗಿತ್ತು. ರೆಕ್ಕೆಯ ತೆಳುವಾದ ಹಿಂಬದಿಯ ಅಂಚು ಮೇಲಕ್ಕೆ ಬಾಗಿತ್ತು. ಮರುದಿನ ಮುಟ್ಟಿದಾಗ ಬೆರಳಿನ ಗುರುತು ಬಣ್ಣವನ್ನು ದಾಟಿ ಕೆಳಗಿನ ಪ್ಲಾಸ್ಟಿಕ್ಕಿಗೇ ಇಳಿಯಿತು. ಬಣ್ಣವಷ್ಟೇ ಕೆಟ್ಟಿದ್ದರೆ ತೆಗೆದು ಮತ್ತೆ ಹೊಡೆಯಬಹುದಿತ್ತು. ಕರಗಿಹೋದ ಗೆರೆಗಳನ್ನು ಮರಳಿ ತರುವ ಉಪಾಯವಿಲ್ಲ.

ಕಾರಣ ಇಷ್ಟೇ. ಕಾರಿನ ಬಂಪರು ಸಾಮಾನ್ಯವಾಗಿ ಪಾಲಿಪ್ರೊಪಿಲೀನ್. ಬಾಟಲಿಯ ಮುಚ್ಚಳವೂ ಪಾಲಿಪ್ರೊಪಿಲೀನ್ ಅಥವಾ ಪಾಲಿಎಥಿಲೀನ್. ಇವು ಟೊಲುವೀನ್, ಅಸಿಟೋನ್‌ಗಳಂಥ ದ್ರಾವಕಗಳಿಗೆ ಅಷ್ಟು ಬೇಗ ಜಗ್ಗುವುದಿಲ್ಲ. ನಮ್ಮ ಕಿಟ್ಟುಗಳು ಪಾಲಿಸ್ಟೈರೀನಿನವು, ಅದಕ್ಕೆ ಈ ದ್ರಾವಕಗಳೇ ಶತ್ರು. ಕಿಟ್ಟಿನ ಭಾಗಗಳನ್ನು ಜೋಡಿಸುವ ಸಿಮೆಂಟು ಕೆಲಸ ಮಾಡುವುದೂ ಪಾಲಿಸ್ಟೈರೀನನ್ನು ಕರಗಿಸಿ ಬೆಸೆಯುವುದರಿಂದಲೇ ಎಂಬುದನ್ನು ನೆನಪಿಸಿಕೊಂಡರೆ, ಬಣ್ಣದ ದ್ರಾವಕ ಏನು ಮಾಡಬಲ್ಲದು ಎಂಬುದು ತಿಳಿಯುತ್ತದೆ. ಆದ್ದರಿಂದ ಮುಚ್ಚಳದ ಮೇಲಿನ ಪರೀಕ್ಷೆಗೆ, ತಳದಲ್ಲಿ ತ್ರಿಕೋನದೊಳಗೆ 5 ಎಂದು ಅಚ್ಚಾಗಿರುವ ಚಮಚ, ಡಬ್ಬಿಗಳ ಮೇಲಿನ ಪರೀಕ್ಷೆಗೆ ಯಾವ ಬೆಲೆಯೂ ಇಲ್ಲ. 5 ಎಂದರೆ ಪಾಲಿಪ್ರೊಪಿಲೀನ್, ಪಾಲಿಸ್ಟೈರೀನಿನ ಸಂಖ್ಯೆ 6. ಅದೇ ಕಿಟ್ಟಿನ ಸ್ಪ್ರೂ ಕಡ್ಡಿಗೆ (ಬಿಡಿಭಾಗಗಳು ಅಂಟಿಕೊಂಡು ಬರುವ ಚೌಕಟ್ಟಿಗೆ) ಹೊಡೆದು, ಒಂದು ರಾತ್ರಿ ಬಿಟ್ಟು, ಉಗುರಿನಿಂದ ಒತ್ತಿ ನೋಡುವುದೇ ನಂಬಬಹುದಾದ ಪರೀಕ್ಷೆ. ತೆರೆದ ಡಬ್ಬಿಯಲ್ಲಿ ಮಾರುವ ಎನ್‌ಸಿ (ನೈಟ್ರೊಸೆಲ್ಯುಲೋಸ್) ಥಿನ್ನರಿಗೂ ಈ ಮಾತು ಅನ್ವಯಿಸುತ್ತದೆ; ಅದನ್ನು ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಣ್ಣ ಉಪಕರಣ) ತೊಳೆಯಲು ಇಟ್ಟುಕೊಳ್ಳಿ, ಕಿಟ್ಟಿನ ಹತ್ತಿರ ತರಬೇಡಿ.

ಇನ್ನೊಂದು ಮಾತನ್ನು ಖಚಿತವಾಗಿ ಹೇಳಬಲ್ಲೆ: ಮಿಗ್ ವಿಮಾನಕ್ಕೆ ಕ್ರೋಮ್ ಬೇಕಾಗಿಯೇ ಇಲ್ಲ. ಬಿಸಿಲು ಮಳೆಯಲ್ಲಿ ನಿಂತ ಅಲ್ಯುಮಿನಿಯಂ ಕನ್ನಡಿಯಂತಿರುವುದಿಲ್ಲ. ಒಂದು ಫಲಕ ತಿಳಿಯಾಗಿ, ಪಕ್ಕದ್ದು ತುಸು ಮಂಕಾಗಿ, ಎಂಜಿನ್ನಿನ ಹಿಂತುದಿ ಸುಟ್ಟ ಬಣ್ಣಕ್ಕೆ ತಿರುಗಿರುತ್ತದೆ. ಆ ವ್ಯತ್ಯಾಸವನ್ನು ತರಲು ವ್ಯಾಲೆಹೊ ಕಂಪನಿಯ ಮೆಟಲ್ ಕಲರ್‌ನಂಥ ನೀರಿನ ಆಧಾರದ ಅಕ್ರಿಲಿಕ್‌ಗಳು ಸಾಕು, ಅವು ಪ್ಲಾಸ್ಟಿಕ್ಕನ್ನು ಕರಗಿಸುವುದಿಲ್ಲ. ಆಲ್‌ಕ್ಲಾಡ್ ಕಂಪನಿಯ ಲ್ಯಾಕರ್ (ಬೇಗ ಒಣಗುವ ಬಣ್ಣ) ಇನ್ನೂ ಚೆನ್ನಾಗಿ ಹೊಳೆಯುತ್ತದೆ, ಆದರೆ ಅದರಲ್ಲೂ ದ್ರಾವಕವಿದೆ. ಕೆಳಗೆ ಹೊಳಪಿನ ಕಪ್ಪು ಬಣ್ಣ ಕೊಟ್ಟು, ಅದು ಪೂರ್ತಿ ಗಟ್ಟಿಯಾದ ಮೇಲೆ, ಏರ್‌ಬ್ರಷ್‌ನಿಂದ 12ರಿಂದ 15 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡದಲ್ಲಿ ಮಂಜಿನಷ್ಟು ತೆಳುವಾಗಿ ಹಾಯಿಸಬೇಕು. ಕಪ್ಪಿನ ಮೇಲೆ ಉಳಿದ ಒಂದೊಂದು ಗೀರೂ ಬೆಳ್ಳಿಯಲ್ಲಿ ಎದ್ದು ಕಾಣುವುದರಿಂದ, ನೀರು ಹಾಕಿ ನುಣ್ಣನೆಯ ಎಮೆರಿ ಕಾಗದದಿಂದ ಉಜ್ಜುವ ಹಂತವನ್ನು ಬಿಡಬೇಡಿ. ಕ್ರೋಮ್ ಹೊಡೆದವರು ರಕ್ಷಣೆಗೆಂದು ಮೇಲೆ ಕ್ಲಿಯರ್ ಕೋಟ್ (ಬಣ್ಣವಿಲ್ಲದ ಪಾರದರ್ಶಕ ಲೇಪ) ಕೊಡುವುದೂ ಉಂಟು. ಮೇಲ್ಮೈಯಲ್ಲಿ ಚಪ್ಪಟೆಯಾಗಿ ಮಲಗಿದ್ದ ಲೋಹದ ಚೂರುಗಳನ್ನು ಆ ಲೇಪದ ದ್ರಾವಕ ಕದಡುತ್ತದೆ, ಕನ್ನಡಿ ಬೂದಿಯಾಗುತ್ತದೆ.

ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಕಡೆ, ಅದರಲ್ಲೂ ಸಕಲೇಶಪುರ, ಮೂಡಿಗೆರೆಗಳಲ್ಲಿ, ಲ್ಯಾಕರ್ ಹೊಡೆಯುವ ಕೆಲಸವನ್ನು ಮುಂದಕ್ಕೆ ಹಾಕುವುದೇ ಒಳ್ಳೆಯದು. ದ್ರಾವಕ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲಿ ಕೂತು ಹಾಲಿನಂಥ ಪೊರೆ ಕಟ್ಟುತ್ತದೆ. ಮಳೆಗೆಂದು ಕಿಟಕಿ ಮುಚ್ಚಿ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಸ್ಪ್ರೇ ಮಾಡುವುದಂತೂ ಬೇಡವೇ ಬೇಡ. ಆ ಆವಿಗೆ ಒಲೆಯ ಕಿಡಿ ಸಾಕು, ಮತ್ತು ಬಟ್ಟೆಯ ಮಾಸ್ಕಾಗಲಿ ಎನ್-95 ಆಗಲಿ ಅದನ್ನು ತಡೆಯುವುದಿಲ್ಲ. ಆವಿಯನ್ನು ಹೀರುವ ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕನ್ನೇ ಕೊಳ್ಳಿ.