ಅಗಲ ಎಲೆಯ ಸ್ನೇಕ್ ಪ್ಲಾಂಟೋ, ಹಳದಿ ಅಂಚಿನದೋ?

ಮನೆಯೊಳಗೆ ಮೊದಲ ಬಾರಿ ಗಿಡ ಇಡುವವರಿಗೆ ನಾನು ಹೇಳುವುದು ಹಳದಿ ಅಂಚಿನ ‘ಲಾರೆಂಟಿ’. ಮಂದ ಬೆಳಕಿಗೂ ಒಗ್ಗಿಕೊಳ್ಳುತ್ತದೆ, ಬುಡದಲ್ಲಿ ಮರಿಗಳೆದ್ದು ಕುಂಡ ತುಂಬುತ್ತದೆ.

ಅಗಲ ಎಲೆಯ ‘ಮಸೋನಿಯಾನಾ’ದ ಗತ್ತೇ ಬೇರೆ. ಲಾರೆಂಟಿಯ ಎಲೆ ಐದಾರು ಸೆಂ.ಮೀ. ಅಗಲವಿದ್ದರೆ, ಇದರದು 20 ಸೆಂ.ಮೀ. ದಾಟಬಲ್ಲದು. ಆದರೆ ಬೆಳವಣಿಗೆ ಬಹಳ ನಿಧಾನ. ಎಷ್ಟೋ ಸಲ ಕುಂಡದಲ್ಲಿ ಇರುವುದೇ ಒಂದೆರಡು ಎಲೆ. ಅದರಲ್ಲೊಂದು ಮುರಿದರೆ ಗಿಡದ ಅಂದವೇ ಹೋದಂತೆ. ಹಾಗಾಗಿ ಓಡಾಟದ ದಾರಿಯಲ್ಲಿ ಇಡಬೇಡಿ. ತಲೆಭಾರಕ್ಕೆ ವಾಲದಂತೆ ತೂಕದ ಮಣ್ಣಿನ ಕುಂಡ ಕೊಡಿ, ಎಲೆಯ ಮೇಲೆ ಕೂರುವ ದೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ. ನೇರ ಬಿಸಿಲು ಬೀಳದ ಒಳ್ಳೆಯ ಬೆಳಕು ಸಿಕ್ಕರೆ ಇದರ ಎಲೆಯ ಸಹಜ ಚುಕ್ಕೆಗಳು ಎದ್ದು ಕಾಣುತ್ತವೆ.

ನೀರಿನ ವಿಷಯದಲ್ಲಿ ಎರಡೂ ಒಂದೇ: ಮಣ್ಣು ಪೂರ್ತಿ ಒಣಗಿದ ಮೇಲಷ್ಟೇ. ಹೆಚ್ಚಾದರೆ ಬೇರು ಕೊಳೆಯುತ್ತದೆ.

ಎಲೆ ತುಂಡಿನಿಂದ ಸಸಿ ಮಾಡುವ ಆಸೆಯಿದ್ದರೆ ಗಮನಿಸಿ: ಲಾರೆಂಟಿಯ ಸಸಿಗೆ ಹಳದಿ ಅಂಚು ಬರುವುದಿಲ್ಲ, ಬುಡದಿಂದ ಬೇರ್ಪಡಿಸಿದ ಮರಿಗೆ ಮಾತ್ರ ಅದು ಉಳಿಯುತ್ತದೆ. ಬೆಕ್ಕು, ನಾಯಿ ಎಲೆ ಕಚ್ಚುವ ಮನೆಯಾದರೆ ಎರಡೂ ಬೇಡ. ತಿಂದರೆ ವಾಂತಿ, ಭೇದಿ ಆಗಬಹುದು.